ಹಿಂದಿಯ ಒಂದು ವಾಕ್ಯ

ಮುಂಬೈನ ಒಂದು ಆಸ್ಪತ್ರೆಯಲ್ಲಿ ನಾನು ಸಮಾಜ ಕಾರ್ಯಕರ್ತೆ. ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಕನ್ನಡದವರು ಬಂದರೆ ಸಿಸ್ಟರ್ ನನ್ನನ್ನೇ ಕೂಗುತ್ತಾರೆ. ಹಾಗೆ ಸಿಕ್ಕವರು ಇಂಡಿ ಕಡೆಯ ಒಬ್ಬ ತಾಯಿ. ಆರು ವರ್ಷದ ಮಗನಿಗೆ ಎಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್. ಚಿಕಿತ್ಸೆ ಎರಡು ಮೂರು ವರ್ಷದ್ದು. ಗಂಡ ಊರಲ್ಲಿ ಹೊಲ ನೋಡಿಕೊಂಡು, ಮಗಳನ್ನು ನೋಡಿಕೊಂಡು ಇದ್ದಾರೆ. ಇಲ್ಲಿ ಧರ್ಮಶಾಲೆಯಲ್ಲಿ ತಾಯಿ, ಮಗ ಇಬ್ಬರೇ.

ಮೊದಲ ದಿನ ನಾನು ಎಡವಿದೆ. ಕಲಿತಿದ್ದ ಉಸಿರಾಟದ ಅಭ್ಯಾಸ ಶುರು ಮಾಡಿಸಿದೆ. ಕಣ್ಣು ಮುಚ್ಚಿ, ನಿಧಾನ ಉಸಿರು ತಗೋರಿ ಅಂದೆ. ಅರ್ಧ ನಿಮಿಷಕ್ಕೆ ಕಣ್ಣು ತೆರೆದರು.

"ಕಣ್ಣ ಮುಚ್ಚಿದ್ರ ಮಗನ ಬೆನ್ನಿಗಿ ಹಾಕೂ ಆ ಸೂಜಿನೇ ಕಾಣ್ತದ್ರಿ ಅಕ್ಕಾರ."

ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ, ಇವತ್ತು ರಾತ್ರಿಗೆ ಯಾವುದರ ಚಿಂತೆ ಜಾಸ್ತಿ ಅಂತ ಕೇಳಿದೆ. ಉತ್ತರ ತಡ ಆಗಲಿಲ್ಲ. "ಜ್ವರ ಬಂದ್ರ ಯಾರಿಗಿ ಹ್ಯಾಂಗ ಹೇಳ್ಲಿ? ನನಗ ಹಿಂದಿ ಬರಂಗಿಲ್ರಿ."

ಸಣ್ಣ ಚಿಂತೆ ಅಲ್ಲ ಅದು. ಕೀಮೋ ಅನ್ನುವ ಕ್ಯಾನ್ಸರ್ ಔಷಧಿಯಿಂದ, ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುವಾಗ 100.4 ಡಿಗ್ರಿ ಜ್ವರ ಅಂದರೆ ಓಡಲೇಬೇಕು. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು.

ಅಮೆರಿಕದಲ್ಲಿ ಇಂಥ ತಾಯಂದಿರಿಗೆಂದೇ 'ಬ್ರೈಟ್ ಐಡಿಯಾಸ್' ಅನ್ನುವ ತರಬೇತಿ ಇದೆ. ಎಂಟು ಸಲ ಕೂತು ಮಾತಾಡುವುದು. ಒಂದೇ ತೊಡಕು ಹಿಡಿ, ದಾರಿಗಳನ್ನೆಲ್ಲ ಬರೆ, ತೂಗಿ ನೋಡು, ಒಂದನ್ನು ಮಾಡು, ಆಯಿತಾ ಅಂತ ತಿರುಗಿ ನೋಡು. ಇಷ್ಟೇ. 430 ತಾಯಂದಿರ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಂಗ್ಲಿಷಿನವರಿಗಿಂತ ಸ್ಪ್ಯಾನಿಷ್ ಮಾತಾಡುವವರಿಗೇ ಜಾಸ್ತಿ ಉಪಯೋಗ ಆಗಿತ್ತು. ಪರಭಾಷೆಯ ಆಸ್ಪತ್ರೆಯಲ್ಲಿ ತಮ್ಮ ಮಾತಿನಲ್ಲೇ ಕೇಳುವವರು ಸಿಕ್ಕಿದ್ದಕ್ಕೇ ಇರಬೇಕು ಅಂತ ನನ್ನ ಊಹೆ.

ನಾವೂ ಹಾಗೇ ಬರೆದೆವು. ಪಕ್ಕದ ಕೋಣೆಯವರನ್ನು ಎಬ್ಬಿಸುವುದು, ನನಗೆ ಫೋನ್ ಮಾಡುವುದು, ಹಿಂದಿಯಲ್ಲಿ ಚೀಟಿ. ಅವರು ಚೀಟಿ ಆರಿಸಿದರು. ನಾನು ಬರೆದುಕೊಟ್ಟೆ. ಯಾಕೋ ಏನೋ, ಬಾಯಿಪಾಠಕ್ಕೆ ಒಂದು ವಾಕ್ಯವನ್ನೂ ಹೇಳಿಕೊಟ್ಟೆ.

ನಾಲ್ಕನೇ ರಾತ್ರಿ ಎರಡು ಗಂಟೆಗೆ ಜ್ವರ ಬಂತು. ಆಸ್ಪತ್ರೆ ಗೇಟಿನ ಕಾವಲುಗಾರ ಚೀಟಿ ಕಡೆ ನೋಡಲೇ ಇಲ್ಲ, ಬೆಳಿಗ್ಗೆ ಬನ್ನಿ ಅಂತ ಕೈ ಮಾಡಿದ. ಆಗ ಇವರು ಕೂಗಿದರಂತೆ: "ಬಚ್ಚೇ ಕಾ ಕೀಮೋ ಚಲ್ ರಹಾ ಹೈ, ಬುಖಾರ್ ಹೈ!" ಮಗುವಿಗೆ ಕೀಮೋ ನಡೀತಿದೆ, ಜ್ವರ ಇದೆ ಅಂತ. ಅದೇ ಬಾಯಿಪಾಠದ ವಾಕ್ಯ. ಒಳಗಿದ್ದ ಸಿಸ್ಟರ್‌ಗೆ ಕೇಳಿಸಿತು.

ಮುಂದಿನ ಭೇಟಿಯಲ್ಲಿ ಹಾಳೆಯಲ್ಲಿ ಬರೆದಿದ್ದ 'ಚೀಟಿ'ಯನ್ನು ಅವರೇ ಗೀಟು ಹಾಕಿ ಹೊಡೆದರು. ಮರಾಠಿಯಲ್ಲೂ ಒಂದು ವಾಕ್ಯ ಕಲಿಸಿ ಅಂದರು. ಉಸಿರಾಟದ ಅಭ್ಯಾಸಕ್ಕೆ ಆಮೇಲೆ ಒಪ್ಪಿದರು, ಕಣ್ಣು ತೆರೆದುಕೊಂಡೇ.

ಈಗ ಅವರು ತಂದಿರುವ ತೊಡಕು ಬೇರೆ. ಊರಲ್ಲಿರುವ ಮಗಳು ಫೋನಿಗೆ ಬರುತ್ತಿಲ್ಲ. "ತಮ್ಮನೇ ಬೇಕು ನಿನಗ" ಅಂದಿದ್ದಾಳಂತೆ. ಹಾಳೆ ತೆಗೆದು ಇಬ್ಬರೂ ಕೂತಿದ್ದೇವೆ. ಮೂರು ವಾರದಲ್ಲಿ ಬರೆಯಲಾಗಿರುವುದು ಎರಡೇ ಸಾಲು.