ದೂರುವ ಮುನ್ನ ಹೊರೆ ಹಂಚಿಕೊಳ್ಳೋಣ

2024 ಜೂನ್ 16, ಭಾನುವಾರ

ಚರ್ಚಿನ ಸಭೆಯನ್ನು ನೋಡಿಕೊಳ್ಳುವ ಸಭಾಪಾಲಕರ ಕೆಲಸದಲ್ಲಿ ಹೆಚ್ಚಿನವರಿಗೆ ಕಾಣುವುದು ಭಾನುವಾರದ ಪ್ರಸಂಗವಷ್ಟೇ. ಅದರ ಹಿಂದಿನ ಅಧ್ಯಯನ, ನಡುರಾತ್ರಿ ಬರುವ ಫೋನ್ ಕರೆ, ರೋಗಿಯ ಹಾಸಿಗೆಯ ಪಕ್ಕದ ಪ್ರಾರ್ಥನೆ, ಮುರಿಯುವ ಹಂತಕ್ಕೆ ಬಂದ ದಾಂಪತ್ಯದ ಕಷ್ಟವನ್ನು ಕೂತು ಕೇಳುವ ಗಂಟೆಗಳು, ಇವು ಯಾವುವೂ ಸಭೆಯ ಕಣ್ಣಿಗೆ ಬೀಳುವುದಿಲ್ಲ. ಅವುಗಳಲ್ಲಿ ಬಹುಪಾಲನ್ನು ಅವರು ಯಾರಿಗೂ ಹೇಳುವಂತೆಯೂ ಇಲ್ಲ. ಹಾಗಾಗಿ, ಆರಾಧನೆ ಮುಗಿದ ಕೂಡಲೇ ಪ್ರಸಂಗ ಉದ್ದವಾಯಿತು, ನಮ್ಮ ಮನೆಗೆ ಭೇಟಿ ಕೊಡಲಿಲ್ಲ, ಇಂಥವರಿಗೇ ಹೆಚ್ಚು ಆದರ ಎಂಬ ಮಾತುಗಳು ಕಿವಿಗೆ ಬಿದ್ದಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಇಂದೂ ಆಯಿತು.

ದೂರುಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತನಾಡುವ ವಿಶ್ವಾಸಿಗಳು ಗೊಣಗಿದ್ದಕ್ಕೆ ಕಾರಣವಿತ್ತು: ದಿನನಿತ್ಯದ ಹಂಚಿಕೆಯಲ್ಲಿ ಅವರ ವಿಧವೆಯರನ್ನು ಅಲಕ್ಷಿಸಲಾಗಿತ್ತು. ಆಗ ಅಪೊಸ್ತಲರು, ಅಂದರೆ ಯೇಸುವಿನ ಸಂದೇಶ ಸಾರಲು ನೇಮಕಗೊಂಡವರು, ಶಿಷ್ಯರೆಲ್ಲರನ್ನು ಕರೆದು, ದೇವರ ವಾಕ್ಯವನ್ನು ಬಿಟ್ಟು ಊಟದ ಹಂಚಿಕೆಯನ್ನು ನೋಡಿಕೊಳ್ಳುವುದು ತಮಗೆ ತಕ್ಕದ್ದಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸಭೆಯು ಸ್ತೆಫನ, ಫಿಲಿಪ್ಪ ಮುಂತಾದ 7 ಮಂದಿಯನ್ನು ಆರಿಸಿ ಅವರ ಮುಂದೆ ನಿಲ್ಲಿಸಿತು. ಕೊರತೆಯನ್ನು ಕಂಡ ಸಭೆಯೇ ಅದನ್ನು ತುಂಬುವ ಜನರನ್ನೂ ಒದಗಿಸಿತು. ಆ ಏಳೂ ಗ್ರೀಕ್ ಹೆಸರುಗಳೇ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ; ನೊಂದ ಪಂಗಡದವರ ಕೈಗೇ ಹೊಣೆ ಬಂದಂತೆ ಕಾಣುತ್ತದೆ.

ವಿಮೋಚನಕಾಂಡದ 17ನೇ ಅಧ್ಯಾಯವನ್ನೂ ಮತ್ತೆ ಓದಿದೆ. ರೆಫೀದೀಮಿನಲ್ಲಿ ಅಮಾಲೇಕ್ಯರೊಡನೆ ಯುದ್ಧ ನಡೆದಾಗ, ಬೆಟ್ಟದ ಮೇಲಿದ್ದ ನಾಯಕ ಮೋಶೆಯ ಕೈ ಮೇಲಿದ್ದಷ್ಟು ಹೊತ್ತು ಇಸ್ರಾಯೇಲ್ಯರ ಕೈ ಮೇಲಾಗುತ್ತಿತ್ತು, ಇಳಿದಾಗ ಶತ್ರುಗಳದು. ಅವನು ದಣಿದಾಗ ಅವನ ಅಣ್ಣ ಆರೋನನೂ ಜೊತೆಗಿದ್ದ ಹೂರನೂ ಕಲ್ಲೊಂದನ್ನು ತಂದು ಅವನನ್ನು ಕೂರಿಸಿ, ಎರಡೂ ಬದಿಗೆ ನಿಂತು ಹೊತ್ತು ಮುಳುಗುವ ತನಕ ಅವನ ಕೈಗಳನ್ನು ಹಿಡಿದರು. ಕೈ ಯಾಕೆ ಇಳಿಸಿದೆ ಎಂದು ಅವರು ಗದರಿಸಿದ್ದಾಗಿ ಅಲ್ಲಿ ಬರೆದಿಲ್ಲ. ಆದರೆ ಅದೇ ಆರೋನನು ಅರಣ್ಯಕಾಂಡ 12ರಲ್ಲಿ ಅಕ್ಕ ಮಿರ್ಯಾಮಳ ಜೊತೆ ಸೇರಿ, ಮೋಶೆಯ ಕೂಷ್ ದೇಶದ ಹೆಂಡತಿಯ ನೆಪದಲ್ಲಿ ಅವನ ವಿರುದ್ಧ ಮಾತನಾಡುತ್ತಾನೆ. ಅದಕ್ಕಾಗಿ ಕುಷ್ಠ ತಗಲಿದ ಮಿರ್ಯಾಮಳು 7 ದಿನ ಪಾಳೆಯದ ಹೊರಗಿರಬೇಕಾಯಿತು. ಅವಳು ಒಳಗೆ ಬರುವ ತನಕ ಇಡೀ ಜನಾಂಗದ ಪ್ರಯಾಣ ನಿಂತಿತು. ಅವಳ ಗುಣಕ್ಕಾಗಿ ದೇವರಿಗೆ ಮೊರೆಯಿಟ್ಟವನು, ದೂರಿಸಿಕೊಂಡಿದ್ದ ಮೋಶೆಯೇ. ಒಬ್ಬನೇ ಮನುಷ್ಯ ಒಂದು ಕಾಲದಲ್ಲಿ ನಾಯಕನ ಕೈಗೆ ಆಧಾರವಾಗಿ, ಇನ್ನೊಂದು ಕಾಲದಲ್ಲಿ ಅವನ ಮನಸ್ಸಿಗೆ ಗಾಯವಾಗಬಲ್ಲ ಎಂಬುದು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು.

ಬೆಂಬಲವೆಂದರೆ ತಪ್ಪನ್ನು ಮುಚ್ಚಿಡುವುದಲ್ಲ. ಸಭೆಯ ಹಣ ದುರುಪಯೋಗವಾದರೆ, ಯಾರ ಮೇಲಾದರೂ ದೌರ್ಜನ್ಯ ನಡೆದರೆ, ನೊಂದವರ ಪರವಾಗಿ ನಿಂತು ಕಾನೂನಿಗೆ ತಿಳಿಸಲೇಬೇಕು. ಅಲ್ಲಿ ಮೌನವಾಗಿರುವುದು ಪಾಪ. ಸಭೆಯ ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಅಂಗೀಕರಿಸಬಾರದೆಂದು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಅಪೊಸ್ತಲ ಪೌಲನೇ, ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸಬೇಕೆಂದು ಮರುವಚನದಲ್ಲೇ ಹೇಳುತ್ತಾನೆ. ಅಂತಿಯೋಕ್ಯದಲ್ಲಿ ಅವನು ಇನ್ನೊಬ್ಬ ಅಪೊಸ್ತಲ ಪೇತ್ರನನ್ನು ಮುಖಾಮುಖಿಯಾಗಿ ಎದುರಿಸಿದನು, ಬೆನ್ನ ಹಿಂದೆ ಅಲ್ಲ. ಇನ್ನು ಬೋಧನೆಯಲ್ಲಿ ಕೊರತೆ ಕಂಡಾಗ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿ ಮಾಡಿದ್ದನ್ನು ನೋಡಬೇಕು. ಅಪೊಲ್ಲೋಸನೆಂಬ ಬೋಧಕನಿಗೆ, ಯೇಸುವಿಗೆ ಮುಂಚೆ ಬಂದ ಯೋಹಾನನ ದೀಕ್ಷಾಸ್ನಾನ ಮಾತ್ರ ತಿಳಿದಿತ್ತು; ಅವರು ಸಭಾಮಂದಿರದಲ್ಲಿ ಅವನನ್ನು ತಡೆದು ಅವಮಾನಿಸದೆ, ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಮುಂದೆ ಗ್ರೀಸಿನ ಅಖಾಯದ ವಿಶ್ವಾಸಿಗಳಿಗೆ ಅವನಿಂದ ಬಹಳ ಸಹಾಯವಾಯಿತು.

ಬುಧವಾರ ಪ್ರಾರ್ಥನಾ ಕೂಟದ ನಂತರ ನಮ್ಮ ಹಿರಿಯರ ಮುಂದೆ ಎರಡು ವಿಷಯಗಳನ್ನು ಇಡಬೇಕೆಂದಿದ್ದೇನೆ. ರೋಗಿಗಳ ಭೇಟಿಯನ್ನು ನಮ್ಮಲ್ಲಿ ಕೆಲವರು ಸರದಿಯಂತೆ ವಹಿಸಿಕೊಳ್ಳಬೇಕು. ಜೊತೆಗೆ ಪಾಲಕರಿಗೆ ವಾರಕ್ಕೊಂದು ಪೂರ್ತಿ ದಿನ ಬಿಡುವು ಸಿಗಬೇಕು. ಆ ದಿನ ಸಭೆಯ ಕರೆಗಳು ಹಿರಿಯರೊಬ್ಬರಿಗೆ ಹೋಗಲಿ, ಪಾಲಕರು ಹೆಂಡತಿ ಮಕ್ಕಳೊಂದಿಗಿರಲಿ.