ಕುಸಿದ ಛಾವಣಿ ಮತ್ತು ಕಬ್ಬಿಣದ ವಾದ್ಯವೃಂದ

ನಮ್ಮ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ (ಒಳಗಿನ ಉಕ್ಕಿನ ತಂತಿಗಳನ್ನು ಬಿಗಿದು ಬಲಪಡಿಸಿದ ಕಾಂಕ್ರೀಟು) ಬೋಧಿಸುತ್ತಿದ್ದ ಹಿರಿಯ ಅಧ್ಯಾಪಕರು ಸೂತ್ರಗಳಿಗಿಂತ ಮೊದಲು ಕುಸಿದ ಕಟ್ಟಡಗಳ ಚರಿತ್ರೆಯನ್ನು ಹೇಳುತ್ತಿದ್ದರು. ಪಶ್ಚಿಮ ಬರ್ಲಿನ್‌ನಲ್ಲಿ 1957ರಲ್ಲಿ ಅಮೆರಿಕದ ಕೊಡುಗೆಯಾಗಿ ನಿರ್ಮಾಣಗೊಂಡ ಕೊಂಗ್ರೆಸ್‌ಹಾಲೆ ಎಂಬ ಸಭಾಭವನದ ಪಾಠ ಅವುಗಳಲ್ಲೊಂದು. ಛಾವಣಿಯ ಹೊರ ಕಮಾನನ್ನು ಹಿಡಿದಿದ್ದ ಉಕ್ಕಿನ ತಂತಿಗಳು ಒಳಗೊಳಗೇ ತುಕ್ಕು ಹಿಡಿದು ತುಂಡಾಗಿ, 1980ರ ಮೇ 21ರಂದು ಛಾವಣಿಯ ಒಂದು ಭಾಗ ಕಳಚಿಬಿದ್ದು, ಒಬ್ಬರು ಪ್ರಾಣ ಕಳೆದುಕೊಂಡರು. ಆ ಪಾಠ ಕೇಳಿದ ಸಂಜೆ ಹಾಸ್ಟೆಲಿನಲ್ಲಿ ಈ ವಿಷಯ ಬಂದಾಗ ನನ್ನ ಕೊಠಡಿಯ ಗೆಳೆಯ, ಅದೇ ಊರಿನಲ್ಲಿ ಅದೇ ವರ್ಷ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’ ಎಂದು ಹೆಸರಿಟ್ಟುಕೊಂಡ ಒಂದು ತಂಡ ಹುಟ್ಟಿತ್ತು ಎಂದು ಹೇಳಿ, ವಿದೇಶದಲ್ಲಿದ್ದ ತನ್ನ ಅಣ್ಣ ಕಳುಹಿಸಿದ್ದ ಕ್ಯಾಸೆಟ್ಟೊಂದನ್ನು ಹಾಕಿದ. ಪಕ್ಕದ ಕೊಠಡಿಯವರು ಟೇಪ್ ರೆಕಾರ್ಡರ್ ಕೆಟ್ಟಿದೆಯೆಂದು ಭಾವಿಸಿದರು.

ಐನ್‌ಷ್ಟುರ್ತ್ಸೆಂಡೆ ನಾಯ್‌ಬೌಟನ್ ಎಂಬ ಆ ತಂಡದ ಮೊದಲ ಕಛೇರಿ ನಡೆದದ್ದು 1980ರ ಏಪ್ರಿಲ್ 1ರಂದು, ಬರ್ಲಿನ್‌ನ ಮೂನ್ ಎಂಬ ಕ್ಲಬ್ಬಿನಲ್ಲಿ. ಅಂದರೆ ಛಾವಣಿ ಬೀಳುವುದಕ್ಕೆ ಏಳು ವಾರ ಮೊದಲೇ. ಈ ಕಾಕತಾಳೀಯದಿಂದ ತಂಡಕ್ಕೆ ಪ್ರಚಾರ ದೊರೆಯಿತಾದರೂ ಅದರ ಸಂಗೀತಕ್ಕೆ ಕಾರಣವಾದದ್ದು ಬಡತನ. ಬರ್ಲಿನ್ ಗೋಡೆಯೊಳಗೆ ಸಿಕ್ಕಿಬಿದ್ದಿದ್ದ ಪಶ್ಚಿಮ ಬರ್ಲಿನ್‌ನ ನಿವಾಸಿಗಳಿಗೆ ಕಡ್ಡಾಯ ಸೈನ್ಯಸೇವೆ ಇರಲಿಲ್ಲವಾದ್ದರಿಂದ ಪಶ್ಚಿಮ ಜರ್ಮನಿಯ ಯುವಕರು ಅಲ್ಲಿಗೆ ಬಂದು, ಖಾಲಿ ಬಿದ್ದ ಹಳೆಯ ಮನೆಗಳಲ್ಲಿ ಸೇರಿಕೊಳ್ಳುತ್ತಿದ್ದರು. ಆ ವಾತಾವರಣದಲ್ಲಿ ರೂಪುಗೊಂಡ ತಂಡದ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್, ತಾಳವಾದ್ಯಗಾರ ಎನ್. ಯು. ಉನ್ರೂ. ಉನ್ರೂ ಹಣವಿಲ್ಲದೆ ತನ್ನ ಡ್ರಮ್ ಸೆಟ್ಟನ್ನು ಮಾರಿಕೊಂಡು, ಗುಜರಿಯಲ್ಲಿಯೂ ಕಟ್ಟಡದ ಕೆಲಸ ನಡೆಯುವಲ್ಲಿಯೂ ಸಿಕ್ಕ ತಗಡು, ಕೊಳವೆ, ಸ್ಪ್ರಿಂಗುಗಳಿಂದ ಹೊಸ ವಾದ್ಯಗಳನ್ನು ಕಟ್ಟಿಕೊಂಡ. ಹಾಗಾಗಿ ಈ ತಂಡದವರು ವಾದ್ಯಗಳನ್ನು ತಿರಸ್ಕರಿಸಿದವರೆಂದು ಬರೆಯುವವರ ಮಾತು ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ.

ಮೊದಲ ಕಛೇರಿ ನಡೆದ ವರ್ಷವೇ ಬಾರ್ಗೆಲ್ಡ್ ಮತ್ತು ಉನ್ರೂ ಬರ್ಲಿನ್‌ನ ಹೆದ್ದಾರಿ ಸೇತುವೆಯೊಂದರ ಪೊಳ್ಳು ಒಡಲೊಳಗೆ ನುಸುಳಿ ಧ್ವನಿಮುದ್ರಣ ಮಾಡಿದ್ದರು. ಸಂಗೀತದ ಬಗ್ಗೆ ಬರೆಯುವವರು ಇದನ್ನು ಪುಂಡಾಟವೆಂಬಂತೆ ವರ್ಣಿಸುವುದುಂಟು. ಬಾಕ್ಸ್ ಗರ್ಡರ್ (ಪೆಟ್ಟಿಗೆಯಂತೆ ಒಳಗೆ ಪೊಳ್ಳಾದ ತೊಲೆ) ಸೇತುವೆಗಳ ತಪಾಸಣೆಯನ್ನೇ ವೃತ್ತಿಯಾಗಿಸಿಕೊಂಡ ನನಗೆ ಮಾತ್ರ ಅವರ ಆಯ್ಕೆ ಬಹಳ ಯುಕ್ತವಾಗಿ ಕಾಣುತ್ತದೆ. ಗರ್ಡರಿನೊಳಗೆ ಸುತ್ತಿಗೆಯಿಂದ ಒಮ್ಮೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಉದ್ದಕ್ಕೂ ಸಾಗಿ ತಡವಾಗಿ ಅಡಗುತ್ತದೆ. ಮೇಲೆ ಓಡುವ ಲಾರಿಗಳ ಗುಡುಗು ಅದರೊಳಗೆ ಬೆರೆಯುತ್ತದೆ. ಇಂತಹ ಅನುರಣನವನ್ನು ಸ್ಟುಡಿಯೋದಲ್ಲಿ ಪಡೆಯಲು ಹಣ ಬೇಕು. ಅಲ್ಲಿ ಅದು ಪುಕ್ಕಟೆ. ಗಟ್ಟಿ ಕಾಂಕ್ರೀಟು ಠಣ್ಣೆನ್ನುತ್ತದೆ, ಒಳಗೆ ಪದರ ಬಿಟ್ಟದ್ದು ಬೊಳ್ಳೆನ್ನುತ್ತದೆ ಎಂದು ನಮ್ಮ ಅಧ್ಯಾಪಕರು ಪ್ರಯೋಗಾಲಯದಲ್ಲಿ ತಟ್ಟಿ ತಟ್ಟಿ ತೋರಿಸಿಕೊಟ್ಟಿದ್ದರು. ವಸ್ತುವನ್ನು ತಟ್ಟಿ ಅದರ ಉತ್ತರವನ್ನು ಕೇಳಿಸಿಕೊಳ್ಳುವ ಈ ಕ್ರಮವೇ ಆ ತಂಡದ ಸಂಗೀತದಲ್ಲಿಯೂ ಇದೆಯೆಂದು ತಿಳಿದ ಮೇಲೆ, ಮೊದಲು ಗದ್ದಲವಾಗಿ ಕೇಳಿದ್ದ ಕ್ಯಾಸೆಟ್ಟಿನಲ್ಲಿ ತಗಡಿನ ಸದ್ದು ಯಾವುದು, ಬಿಗಿದ ಸ್ಪ್ರಿಂಗಿನ ಸದ್ದು ಯಾವುದು ಎಂದು ಬೇರ್ಪಡಿಸಿ ಕೇಳುವುದು ನನಗೆ ಸಾಧ್ಯವಾಯಿತು.

1981ರಲ್ಲಿ ‘ಕೊಲಾಪ್ಸ್’ ಎಂಬ ಮೊದಲ ಆಲ್ಬಂ ಹೊರಬಂದಿತು. ಎಫ್. ಎಂ. ಐನ್‌ಹೈಟ್, ಅಲೆಕ್ಸಾಂಡರ್ ಹಾಕೆ, ಮಾರ್ಕ್ ಚುಂಗ್ ಸೇರಿಕೊಂಡ ಮೇಲೆ ತಂಡ ಗಟ್ಟಿಯಾಯಿತು. ಅವರ ಅಪಕೀರ್ತಿಗೆ ಮುಖ್ಯ ಕಾರಣವೆಂದರೆ 1984ರ ಜನವರಿ 3ರಂದು ಲಂಡನ್ನಿನ ಸಮಕಾಲೀನ ಕಲೆಗಳ ಸಂಸ್ಥೆಯಲ್ಲಿ, ತಂಡದ ಸದಸ್ಯರು ಇತರ ಕಲಾವಿದರೊಡನೆ ಸೇರಿ ನೀಡಿದ ಯಂತ್ರಗಳ ಕಛೇರಿ. ಕಾಂಕ್ರೀಟ್ ಮಿಕ್ಸರು, ಗರಗಸ, ಡ್ರಿಲ್ಲುಗಳು ವೇದಿಕೆಯ ಮೇಲೆ ಮೊರೆದವು. ವೇದಿಕೆಯನ್ನೇ ಕೊರೆಯತೊಡಗಿದಾಗ ಸಂಸ್ಥೆಯವರು ಕಾರ್ಯಕ್ರಮವನ್ನು ನಿಲ್ಲಿಸಿದರು. ಅದೇ ಸಂಸ್ಥೆ 2007ರಲ್ಲಿ ಈ ರಂಪವನ್ನು ಕಲಾಕೃತಿಯೆಂದು ಪರಿಗಣಿಸಿ ಅದರ ಮರುಪ್ರದರ್ಶನ ಏರ್ಪಡಿಸಿತೆಂಬುದು ನನಗೆ ಇಂದಿಗೂ ನಗು ತರಿಸುತ್ತದೆ.

ಮುಂದಿನ ದಶಕಗಳಲ್ಲಿ ಅವರ ಸದ್ದು ಕಡಿಮೆಯಾಗುತ್ತ, ಮೌನಕ್ಕೂ ಅಲ್ಲಿ ಸ್ಥಾನ ದೊರೆಯಿತು. 2002ರಿಂದ ಧ್ವನಿಮುದ್ರಣ ಕಂಪನಿಗಳ ಹಣವನ್ನು ನೆಚ್ಚದೆ, ಅಭಿಮಾನಿಗಳಿಂದಲೇ ಇಂಟರ್ನೆಟ್ ಮೂಲಕ ಮುಂಗಡ ಹಣ ಪಡೆದು, ತಾವು ಕೆಲಸ ಮಾಡುವುದನ್ನು ಅವರಿಗೆ ತೋರಿಸುತ್ತ ಹಾಡು ಕಟ್ಟುವ ಪದ್ಧತಿಯನ್ನು ಆರಂಭಿಸಿದರು. ಇಂದು ಎಲ್ಲೆಡೆ ನಡೆಯುವ ಸಾರ್ವಜನಿಕ ಚಂದಾ ವ್ಯವಸ್ಥೆ (ಕ್ರೌಡ್‌ಫಂಡಿಂಗ್) ಆಗಿನ್ನೂ ರೂಢಿಯಾಗಿರಲಿಲ್ಲ. 2004ರಲ್ಲಿ, ಕಲ್ನಾರು ತೆಗೆದ ಮೇಲೆ ಬರಿಯ ಉಕ್ಕಿನ ಚೌಕಟ್ಟಾಗಿ ಉಳಿದಿದ್ದ ಪೂರ್ವ ಜರ್ಮನಿಯ ಗಣರಾಜ್ಯ ಭವನದಲ್ಲಿ ಇದೇ ಅಭಿಮಾನಿಗಳು ಮೇಳವಾಗಿ ನಿಂತು ತಂಡದೊಡನೆ ಹಾಡಿದರು. ಕೆಲವೇ ವರ್ಷಗಳಲ್ಲಿ ಆ ಭವನವನ್ನು ಕೆಡವಲಾಯಿತು.

ಇಂದು ನಮ್ಮ ವಿಭಾಗದಲ್ಲಿ ಓದುತ್ತಿರುವವರು ಈ ತಂಡವನ್ನು ಕೇಳಬಯಸಿದರೆ ‘ಕೊಲಾಪ್ಸ್’ನಿಂದ ಆರಂಭಿಸದಿರುವುದು ಲೇಸು, ಅದು ಹೊಸಬರನ್ನು ಓಡಿಸುತ್ತದೆ. 2004ರ ‘ಪೆರ್ಪೆಟುಮ್ ಮೊಬಿಲೆ’ಯನ್ನು ಮೊದಲು ಕೇಳಿ, ಅದರಲ್ಲಿ ಏರ್ ಕಂಪ್ರೆಸರು ಮತ್ತು ಪ್ಲಾಸ್ಟಿಕ್ ಕೊಳವೆಗಳು ಎಲ್ಲೆಲ್ಲಿ ಕೇಳಿಬರುತ್ತವೆಂದು ಗುರುತಿಸಲು ಪ್ರಯತ್ನಿಸಿ, ಆಮೇಲೆ ಹಿಂದಕ್ಕೆ ಸಾಗಬಹುದು. ಹಾಸ್ಟೆಲಿನಲ್ಲಿರುವವರು ಇಯರ್‌ಫೋನ್ ಬಳಸುವುದು ಒಳ್ಳೆಯದು.