ಮಧ್ಯಾಹ್ನ ನೋಡಿದ ಮನೆ, ಸಂಜೆ ನೋಡಿದ ಮನೆ

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರುವ ಹೊಸ ಸಿಬ್ಬಂದಿ ಮೊದಲು ಕೇಳುವುದು, ಸಾಮಾಜಿಕ ತನಿಖಾ ವರದಿಯನ್ನು ಹೇಗೆ ತುಂಬಬೇಕು ಎಂದು. ನಮೂನೆ 22ರಲ್ಲಿ ಆದಾಯ, ಮನೆಯ ಸ್ಥಿತಿ, ಆರೋಗ್ಯ, ಶಾಲೆ ಎಲ್ಲಕ್ಕೂ ಅಂಕಣಗಳಿವೆ, ತುಂಬುವುದು ಕಷ್ಟವೇನಲ್ಲ. ಆದರೆ ಮಗು ಮನೆಯಲ್ಲಿರಬೇಕೋ ಬಾಲಮಂದಿರಕ್ಕೆ ಹೋಗಬೇಕೋ ಎಂದು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುವುದು ಬಹುಮಟ್ಟಿಗೆ ಆ ಹಾಳೆಗಳನ್ನು ಓದಿಯೇ. ಅಲ್ಲಿ ಬಡತನವನ್ನು ನಿರ್ಲಕ್ಷ್ಯ ಎಂದು ಬರೆದುಬಿಟ್ಟರೆ ಒಂದು ಕುಟುಂಬ ಒಡೆಯುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಂದೆ ತೀರಿಕೊಂಡಿದ್ದಾರೆ, ತಾಯಿ ಮಕ್ಕಳನ್ನು ಬಿಟ್ಟು ಹೋಗಿದ್ದಾರೆ, ಹುಡುಗಿ ಶಾಲೆಗೆ ಸರಿಯಾಗಿ ಹೋಗುತ್ತಿಲ್ಲ ಎಂದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದಿತ್ತು. ಮಧ್ಯಾಹ್ನ ಹೋದಾಗ ಕಂಡದ್ದು ತೊಳೆಯದ ಪಾತ್ರೆಗಳು, ಹನ್ನೊಂದು ವರ್ಷದ ಹುಡುಗಿ, ಅವಳ ಸೊಂಟದ ಮೇಲೆ ಎರಡು ವರ್ಷದ ತಮ್ಮ. ದೊಡ್ಡವರು ಯಾರೂ ಇರಲಿಲ್ಲ. ಅಷ್ಟನ್ನೇ ಬರೆದಿದ್ದರೂ ಒಂದಕ್ಷರ ಸುಳ್ಳಾಗುತ್ತಿರಲಿಲ್ಲ.

ಸಂಜೆ ಮತ್ತೆ ಹೋದೆವು. ಅಜ್ಜಿ ಹತ್ತಿ ಬಿಡಿಸುವ ಕೂಲಿಯಿಂದ ಬಂದು ಒಲೆ ಹಚ್ಚಿ ರೊಟ್ಟಿ ತಟ್ಟುತ್ತಿದ್ದರು. ಸೊಸೆ ಬಿಟ್ಟು ಹೋದವಳಲ್ಲ, ಗುಳೆ ಹೋದವಳು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಪ್ರತಿ ರಾತ್ರಿ ಪಕ್ಕದ ಮನೆಯ ಮೊಬೈಲಿಗೆ ಫೋನ್ ಮಾಡುತ್ತಾಳೆ. ಕೂಸಿಗೆ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿದೆ. ಅಜ್ಜಿ ಕೈ ಒರೆಸಿಕೊಂಡು ಟ್ರಂಕು ತೆರೆದು, ಸೀರೆಯ ಮಡಿಕೆಯೊಳಗಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ತಾಯಿ ಕಾರ್ಡ್ ತೆಗೆದರು. ಒಂದು ಲಸಿಕೆಯೂ ತಪ್ಪಿರಲಿಲ್ಲ. "ಓದಲು ಬರುವುದಿಲ್ಲ ಮೇಡಂ, ಆಶಾ ಅಕ್ಕ ಹೇಳಿದ ದಿನ ಕೂಲಿ ಬಿಟ್ಟು ಹೋಗುತ್ತೇನೆ" ಎಂದರು. ಒಂದು ದಿನದ ಕೂಲಿ ಬಿಡುವುದೆಂದರೆ ಆ ಮನೆಗೆ ಏನು ಎಂಬುದು ವರದಿಯಲ್ಲಿ ಬರಲೇಬೇಕು.

ಹುಡುಗಿಯೊಂದಿಗೆ ಬೇರೆಯಾಗಿ ಮಾತನಾಡಿದೆ. ಮಕ್ಕಳನ್ನು "ಇಲ್ಲಿ ಚೆನ್ನಾಗಿದೆಯಾ?" ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ನಿನ್ನೆ ರಾತ್ರಿ ಏನು ಊಟ, ಯಾರ ಪಕ್ಕದಲ್ಲಿ ಮಲಗಿದೆ, ಜ್ವರ ಬಂದರೆ ಯಾರನ್ನು ಎಬ್ಬಿಸುತ್ತೀ, ಮನೆಗೆ ಯಾರು ಬಂದರೆ ಭಯ ಎಂದು ಕೇಳಬೇಕು. ಮರುದಿನ ಶಾಲೆಯಲ್ಲಿ ವಿಚಾರಿಸಿದಾಗ ಗಂಟು ಬಿಚ್ಚಿಕೊಂಡಿತು. ಬೆಳಿಗ್ಗೆ ತಪ್ಪದೆ ಬರುತ್ತಿದ್ದ ಹುಡುಗಿ ಬಿಸಿಯೂಟ ಮುಗಿದೊಡನೆ ಹೊರಟುಬಿಡುತ್ತಿದ್ದಳು. ಪಕ್ಕದ ಮನೆಯವರು ಮಧ್ಯಾಹ್ನದವರೆಗೆ ಮಾತ್ರ ಕೂಸನ್ನು ನೋಡಿಕೊಳ್ಳುತ್ತಿದ್ದರು.

ಅಂದರೆ ಆ ಕುಟುಂಬಕ್ಕೆ ಬೇಕಾಗಿದ್ದದ್ದು ಮಧ್ಯಾಹ್ನದ ಕೆಲವು ಗಂಟೆ ಕೂಸನ್ನು ನೋಡಿಕೊಳ್ಳುವವರು. ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ 'ಕೂಸಿನ ಮನೆ'ಯಲ್ಲಿ ಜಾಗ ಕೇಳಿದೆವು, ಕೊಟ್ಟರು. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ಅದಕ್ಕೆ ಮೊದಲಿನ ದಾರಿಗಳನ್ನು ಹುಡುಕುವ ಕೆಲಸ ನಮ್ಮದು, ಮತ್ತು ಅದಕ್ಕೆ ಸಿಗುವುದು ಹದಿನೈದು ದಿನ.

ಇದನ್ನು ಓದಿ ಯಾರೂ ಮೆತ್ತಗಾಗಬಾರದು. ಹೊಡೆತ, ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹದ ಸುಳಿವು ಸಿಕ್ಕರೆ ಸಂಜೆಯ ಭೇಟಿಗೆಂದು ಕಾಯುವಂತಿಲ್ಲ. ಅಂಥ ಮನೆಯಲ್ಲಿ ಬಡತನ ನೆಪವೂ ಆಗದು.

ಇನ್ನು ನೆರವಿನ ವಿಚಾರ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ, ಅಂದರೆ ಮಗು ಕುಟುಂಬದಲ್ಲೇ ಬೆಳೆಯಲೆಂದು ಕೊಡುವ ನೆರವಿನಲ್ಲಿ, ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯರ ಮಕ್ಕಳೂ ಅರ್ಹರು; ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಈ ಮನೆಯ ಅರ್ಜಿ ತಡವಾದದ್ದು ತಂದೆಯ ಮರಣ ಪ್ರಮಾಣಪತ್ರ ಇಲ್ಲದ್ದರಿಂದ. ಅದನ್ನು ಮಾಡಿಸಿಕೊಳ್ಳದ ಮನೆಗಳು ನಮ್ಮ ಭಾಗದಲ್ಲಿ ಬಹಳ. ಮೊದಲ ಭೇಟಿಯಲ್ಲೇ ಕೇಳಿ, ಇಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಯ ಬಳಿಗೆ ಅಜ್ಜಿಯೊಂದಿಗೆ ನೀವೇ ಹೋಗಿ.